ಸುಳಿವು ಬಂದ ಕಡೆಯೇ ಜನ ನಿಧಾನವಾದರೆ

ಇದು ಬಹುತೇಕ ಇನ್‌ಹಿಬಿಷನ್ ಆಫ್ ರಿಟರ್ನ್ (ಒಮ್ಮೆ ನೋಡಿದ ಜಾಗಕ್ಕೆ ಗಮನ ವಾಪಸ್ ಬರಲು ತಡವಾಗುವುದು), ಕೋಡ್‌ನ ತಪ್ಪಲ್ಲ. ನಿಮ್ಮ ಗಮನದ ಪ್ರಯೋಗದಲ್ಲಿ ಪರದೆಯ ಒಂದು ಬದಿಯಲ್ಲಿ ಸುಳಿವಾಗಿ ಚೌಕ ಮಿನುಗುತ್ತದೆ, ಆಮೇಲೆ ಚುಕ್ಕೆ ಕಂಡ ಕೂಡಲೇ ಬಟನ್ ಒತ್ತಬೇಕು; ಚೌಕ ಮಿನುಗಿದ ಕಡೆಯೇ ಚುಕ್ಕೆ ಬಂದರೂ ಜನ ತಡವಾಗಿ ಒತ್ತುತ್ತಿದ್ದಾರೆ, ಪಿಎಚ್‌ಡಿಯ ಮೊದಲ ಪ್ರಯೋಗವೇ ಕೆಟ್ಟಿತಾ ಅಂತ ಕೇಳಿದ್ದೀರಿ ಅಲ್ವಾ. ಮಿನುಗಿಗೂ ಚುಕ್ಕೆಗೂ ನಡುವೆ 800 ಮಿಲಿಸೆಕೆಂಡ್ ಇಟ್ಟಿದ್ದೀರಿ, ಕಾರಣ ಅಲ್ಲೇ ಇದೆ. ಪರದೆಯ ಅಂಚಿನಲ್ಲಿ ಏನಾದರೂ ಮಿನುಗಿದರೆ ಗಮನ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ಮೊದಲ 100–200 ಮಿಲಿಸೆಕೆಂಡ್ ಅದರ ಲಾಭ ಸಿಗುತ್ತದೆ, ಅಂದರೆ ಬಟನ್ ಬೇಗ ಒತ್ತುತ್ತಾರೆ, ಸುಮಾರು 300 ದಾಟಿದ ಮೇಲೆ ಎಲ್ಲ ತಿರುಗಿಬಿಡುತ್ತದೆ: ಒಮ್ಮೆ ನೋಡಿ ಬಿಟ್ಟ ಜಾಗಕ್ಕೆ ಗಮನ ಅಷ್ಟು ಬೇಗ ವಾಪಸ್ ಬರುವುದಿಲ್ಲ. ಮನೋವಿಜ್ಞಾನಿಗಳಾದ ಪೋಸ್ನರ್ ಮತ್ತು ಕೊಹೆನ್ 1984ರಲ್ಲೇ ಇದನ್ನು ತೋರಿಸಿದ್ದಾರೆ, ನಿಮ್ಮ ಗೈಡ್ ಮುಂದೆ ಅದನ್ನೇ ಇಡಿ.

ಮೊದಲು ಅಂತರ 100ಕ್ಕೆ ಇಳಿಸಿ ಲ್ಯಾಬಿನ ಕೆಲವರ ಮೇಲೆ ಓಡಿಸಿ. ಲಾಭ ಕಂಡರೆ ಕಾರಣ ಸಿಕ್ಕಿತು. ಆಮೇಲೆ 100, 300, 800 ಮೂರನ್ನೂ ಒಂದೇ ಬ್ಲಾಕ್‌ನಲ್ಲಿ (ಟ್ರಯಲ್‌ಗಳ ಒಂದು ಸರಣಿಯಲ್ಲಿ) ಬೆರೆಸಿ, ಚುಕ್ಕೆಯೇ ಬಾರದ ಕೆಲವು ಟ್ರಯಲ್ ಸೇರಿಸಿ, ಇಲ್ಲದಿದ್ದರೆ ಜನ ಹೊತ್ತು ಊಹಿಸಿ ಸುಮ್ನೆ ಒತ್ತುತ್ತಾರೆ.

ನನಗೆ ಅನುಮಾನ ಇರುವುದು ಕಣ್ಣಿನ ಬಗ್ಗೆ. 800 ಮಿಲಿಸೆಕೆಂಡ್‌ನಲ್ಲಿ ಕಣ್ಣು ಆ ಕಡೆ ಹೋಗಿ ಬರಬಹುದು, ಬಟನ್ ಡೇಟಾ ನೋಡಿ ಅದು ಗೊತ್ತಾಗುವುದಿಲ್ಲ. ಐ ಟ್ರ್ಯಾಕರ್ (ಕಣ್ಣು ಎತ್ತ ನೋಡುತ್ತಿದೆ ಅಂತ ದಾಖಲಿಸುವ ಉಪಕರಣ) ಸಿಕ್ಕರೆ ನಡುವಿನ ಗುರುತಿನಿಂದ ಕಣ್ಣು ಸರಿದ ಟ್ರಯಲ್‌ಗಳನ್ನು ಬಿಡಿ.

ಬೇಕಂತಲೇ ಹರಿಸುವ ಗಮನವನ್ನು ಅಳೆಯುವುದೇ ನಿಮ್ಮ ಉದ್ದೇಶವಾದರೆ ಮಿನುಗುವ ಚೌಕ ಬಿಟ್ಟು ನಡುವೆ ಬಾಣದ ಗುರುತು ಹಾಕಿ, 80% ಸಲ ಅದು ನಿಜ ಹೇಳಲಿ. ಹಳೆ ಡೇಟಾ ಮಾತ್ರ ಅಳಿಸಬೇಡಿ, ಹೊಸದರ ಪಕ್ಕದಲ್ಲಿಟ್ಟು ಹೋಲಿಸೋಕೆ ಬೇಕಾಗುತ್ತದೆ.