ನಿಮ್ಮ ಲಾಭ ಯಾರ ಕೈಯಿಂದ ಬರುತ್ತೆ ಅಂತ ಮೊದಲು ನೋಡಿ

ನೀವು ಕೇಳಿದ್ದು ಇಷ್ಟು. ಐದು ಲಕ್ಷ ಉಳಿತಾಯ ಎಫ್‌ಡಿಯಲ್ಲಿ ಸುಮ್ನೆ ಬಿದ್ದಿದೆ. ನಮ್ಮಂಥ ಬಡ ದೇಶಗಳಲ್ಲಿ ಜನಕ್ಕೂ ಒಳ್ಳೆಯದಾಗಿ, ನಮಗೂ ಲಾಭ ಬರುವ ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಅಂತ ಒಂದಿದೆಯಂತೆ. ಅದು ನಿಜಾನಾ? ದುಡ್ಡು ಹಾಕಬಹುದಾ?

ನಿಜ. ಎರಡೂ ಒಟ್ಟಿಗೆ ಆಗಿದ್ದನ್ನು ನಾನೇ ನೋಡಿದ್ದೇನೆ. ಅದೇ ಹೆಸರು ಹೇಳಿಕೊಂಡು ಬಡವರನ್ನು ಸಾಲಕ್ಕೆ ಸಿಕ್ಕಿಸಿದ್ದನ್ನೂ ನೋಡಿದ್ದೇನೆ, ಅದರಲ್ಲಿ ನನ್ನ ಕೈಯೂ ಇತ್ತು. ಮೊದಲು ಅದನ್ನೇ ಹೇಳುತ್ತೇನೆ. ಯಾಕೆಂದರೆ ಈ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲಿ ಕಲಿತದ್ದು.

2008ರಲ್ಲಿ ಡಿಗ್ರಿ ಮುಗಿಸಿ ರಾಮನಗರದಲ್ಲಿ ಒಂದು ಮೈಕ್ರೋಫೈನಾನ್ಸ್ (ಬಡವರಿಗೆ ಸಣ್ಣ ಸಾಲ ಕೊಡುವ) ಕಂಪನಿಗೆ ಫೀಲ್ಡ್ ಆಫೀಸರ್ ಆಗಿ ಸೇರಿದೆ. ಕಂಪನಿಯ ಹೆಸರು ಬೇಡ. ಬೆಳಿಗ್ಗೆ ಏಳಕ್ಕೆ ಸೆಂಟರ್ ಮೀಟಿಂಗ್. ಯಾರದೋ ನಡುಮನೆಯಲ್ಲಿ ಚಾಪೆ ಹಾಸಿ, ಐದೈದು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಪಾಸ್‌ಬುಕ್ಕು ಪ್ಲಾಸ್ಟಿಕ್ ಕವರಿನಲ್ಲಿ, ಕಂತಿನ ದುಡ್ಡು ಸೆರಗಿನ ಗಂಟಿನಲ್ಲಿ. ಒಬ್ಬರು ತರದಿದ್ದರೆ ಉಳಿದ ನಾಲ್ವರು ಸೇರಿ ಹಾಕಬೇಕು. ಹಾಕುವ ತನಕ ಯಾರೂ ಏಳುವ ಹಾಗಿಲ್ಲ.

ಬಡ್ಡಿ 12.5 ಪರ್ಸೆಂಟ್ ಅಂತ ಹೇಳುತ್ತಿದ್ದೆವು. ಹತ್ತು ಸಾವಿರ ಕೊಟ್ಟು, ವಾರಕ್ಕೆ 225 ರೂಪಾಯಿಯಂತೆ 50 ವಾರ ವಸೂಲಿ. ಒಟ್ಟು 11,250. ಕೇಳಲು ಕಡಿಮೆ ಅನ್ನಿಸುತ್ತೆ. ಆದರೆ ಪ್ರತಿ ವಾರ ಅಸಲು ಕರಗುತ್ತಾ ಹೋಗುತ್ತೆ ಅಲ್ವಾ? ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು 25 ಪರ್ಸೆಂಟ್. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಕೇಳುವ ಮೀಟರ್ ಬಡ್ಡಿಯವರಿಗಿಂತ ಇದು ಎಷ್ಟೋ ವಾಸಿ, ಅವರದು ವರ್ಷಕ್ಕೆ 60 ಪರ್ಸೆಂಟ್. ಹಾಗಾಗಿ ಈ ಸಾಲವೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಂದು ಸಾಲ ತಗೊಂಡು ಹೊಲಿಗೆ ಮಷಿನ್ ಇಟ್ಟು, ತೀರಿಸಿ, ಮುಂದಕ್ಕೆ ಬಂದ ಹೆಂಗಸರೂ ನಮ್ಮ ಸೆಂಟರ್‌ಗಳಲ್ಲಿದ್ದರು.

ಕೆಟ್ಟದ್ದು ಶುರುವಾದದ್ದು ಟಾರ್ಗೆಟ್‌ನಿಂದ. ಕಂಪನಿಗೆ ಹೊರಗಿನ ಹೂಡಿಕೆದಾರರ ದುಡ್ಡು ಬಂದಿತ್ತು. ಮೂರು ತಿಂಗಳಿಗೊಮ್ಮೆ ಸಾಲಗಾರರ ಸಂಖ್ಯೆ ಏರಲೇಬೇಕು. ರೇಷ್ಮೆಗೂಡು ಬೇಯಿಸುವ ವಾಸನೆ ತುಂಬಿದ ಒಂದು ಓಣಿಯಲ್ಲಿ ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್‌ನ ಹೆಂಡತಿಗೆ ನಾನು ಸಾಲ ಬರೆದೆ. ಆಕೆಯ ಹತ್ತಿರ ಆಗಲೇ ಬೇರೆ ಮೂರು ಕಂಪನಿಗಳ ಪಾಸ್‌ಬುಕ್ ಇದ್ದವು. ಒಂದರ ಕಂತು ಕಟ್ಟಲು ಇನ್ನೊಂದರ ಸಾಲ. ಫಾರ್ಮಿನಲ್ಲಿ ‘ಸಾಲದ ಉದ್ದೇಶ’ ಅಂತ ಒಂದು ಕಾಲಂ ಇತ್ತು. ನಾನು ‘ಹಸು ಸಾಕಣೆ’ ಅಂತ ತುಂಬಿದೆ. ಆ ಓಣಿಯಲ್ಲಿ ಹಸು ಕಟ್ಟಲು ಜಾಗವೇ ಇರಲಿಲ್ಲ. ಆಕೆಗೂ ಗೊತ್ತು, ನನಗೂ ಗೊತ್ತು, ಸಹಿ ಹಾಕಿದ ಬ್ರಾಂಚ್ ಮ್ಯಾನೇಜರ್‌ಗೂ ಗೊತ್ತು. ವರ್ಷದ ಕೊನೆಗೆ ಬಂದ ವರದಿಯಲ್ಲಿ ‘ಹೈನುಗಾರಿಕೆಗೆ ನೆರವಾದ ಕುಟುಂಬಗಳು’ ಅಂತ ಒಂದು ದೊಡ್ಡ ಅಂಕಿ ಇತ್ತು. ನಾನು ಬರೆದ ಹಸುವೂ ಅದರಲ್ಲಿ ಸೇರಿತ್ತು.

ಈ ಸಂಗತಿ ನಿಮಗೆ ಬಹಳ ಮುಖ್ಯ. ಯಾವುದೇ ಫಂಡ್ ನಿಮಗೆ ತೋರಿಸುವ ‘ಇಷ್ಟು ಲಕ್ಷ ಜನರ ಬದುಕು ಬದಲಾಯಿತು’ ಅನ್ನುವ ಅಂಕಿ ಇಂಥ ಒಂದು ಫಾರ್ಮಿನಿಂದಲೇ ಶುರುವಾಗುತ್ತೆ.

2009ರಲ್ಲಿ ರೇಷ್ಮೆ ಕೆಲಸ ಬಿದ್ದುಹೋಯಿತು. ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರು, ಎಲ್ಲ ಕಡೆ ಜನ ಕಂತು ನಿಲ್ಲಿಸಿದರು. ಕೆಲವು ಊರುಗಳಲ್ಲಿ ಅಂಜುಮನ್ ಸಮಿತಿಗಳೇ, ಅಂದರೆ ಮುಸ್ಲಿಂ ಸಮುದಾಯದ ಸ್ಥಳೀಯ ಸಮಿತಿಗಳೇ, ಕಟ್ಟಬೇಡಿ ಅಂತ ಹೇಳಿದವು. ಒಂದು ದಿನ ಏಳು ಗಂಟೆಗೆ ಹೋದೆ. ಚಾಪೆ ಹಾಸಿತ್ತು, ಯಾರೂ ಬರಲಿಲ್ಲ. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟೆ.

ನಮ್ಮಲ್ಲಿ ಆದದ್ದು ಸಣ್ಣದು. ಮರುವರ್ಷ ಆಂಧ್ರದಲ್ಲಿ ಆದದ್ದು ಭಾರಿ ದೊಡ್ಡದು. 2010ರ ಬೇಸಿಗೆ ಕಳೆದು ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರು ಮಾರುಕಟ್ಟೆಗೆ ಬಂತು. ಒಂದು ಷೇರಿಗೆ 985 ರೂಪಾಯಿ, ಜನ ಮುಗಿಬಿದ್ದು ಕೊಂಡರು. ಬಡವರಿಗೆ ಸಾಲ ಕೊಟ್ಟೂ ಇಷ್ಟು ಲಾಭ ಮಾಡಬಹುದು ಅಂತ ಎಲ್ಲರೂ ಹೊಗಳಿದರು. ಕೆಲವೇ ತಿಂಗಳಲ್ಲಿ ಹಳ್ಳಿಗಳಿಂದ ಸಾಲಗಾರರ ಆತ್ಮಹತ್ಯೆಯ ಸುದ್ದಿಗಳು ಬಂದವು. ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಇಂಥ ಕಂಪನಿಗಳಿಗೆ ಕಡಿವಾಣ ಹಾಕಲು ಸುಗ್ರೀವಾಜ್ಞೆ ತಂದಿತು, ಅಲ್ಲಿ ವಸೂಲಿ ಬಹುತೇಕ ನಿಂತೇಹೋಯಿತು. 2012ರ ಹೊತ್ತಿಗೆ ಅದೇ ಷೇರು ನೂರು ರೂಪಾಯಿಗಿಂತ ಕೆಳಗಿತ್ತು. ಸಾಲಗಾರರೂ ಹೋದರು, ಹೂಡಿಕೆದಾರರೂ ಹೋದರು. ‘ಲಾಭ ಬೇಕಾ, ಒಳ್ಳೆಯದು ಬೇಕಾ’ ಅಂತ ಕೇಳುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ಅಲ್ಲಿ ಒಂದು ಹೋದಾಗ ಇನ್ನೊಂದೂ ಅದರ ಹಿಂದೆಯೇ ಹೋಯಿತು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. 2007ರಲ್ಲಿ ಮೆಕ್ಸಿಕೋದ ಕಂಪಾರ್ತಾಮೋಸ್ ಕೂಡ ಹೀಗೆಯೇ ಷೇರು ಮಾರುಕಟ್ಟೆಗೆ ಬಂತು. ಅದು ಬಡ ಹೆಂಗಸರಿಂದ ವರ್ಷಕ್ಕೆ 80 ಪರ್ಸೆಂಟ್‌ಗೂ ಜಾಸ್ತಿ ಬಡ್ಡಿ ತೆಗೆಯುತ್ತಿತ್ತು. ಬಾಂಗ್ಲಾದೇಶದಲ್ಲಿ ಗ್ರಾಮೀಣ ಬ್ಯಾಂಕ್ ಕಟ್ಟಿದ ಮುಹಮ್ಮದ್ ಯೂನುಸ್ ಅದನ್ನು ಬಹಿರಂಗವಾಗಿಯೇ ಖಂಡಿಸಿದರು. ‘ಇಂಪ್ಯಾಕ್ಟ್ ಇನ್ವೆಸ್ಟಿಂಗ್’ ಅನ್ನುವ ಹೆಸರು ಹುಟ್ಟಿದ್ದೂ ಅದೇ ವರ್ಷ, ಇಟಲಿಯ ಬೆಲಾಜಿಯೋದಲ್ಲಿ ರಾಕ್‌ಫೆಲರ್ ಫೌಂಡೇಶನ್ ಕರೆದ ಒಂದು ಸಭೆಯಲ್ಲಿ. 2024ರ ಒಂದು ಅಂದಾಜಿನ ಪ್ರಕಾರ ಈ ಹೆಸರಿನಡಿ ಜಗತ್ತಿನಲ್ಲಿ 1.57 ಲಕ್ಷ ಕೋಟಿ ಡಾಲರ್ ಹೂಡಿಕೆಯಾಗಿದೆ. ಹೆಸರಿಗೆ ಬೆಲೆ ಬಂದಿದೆ, ಹಾಗಾಗಿ ಹೆಸರನ್ನು ನಂಬಿ ದುಡ್ಡು ಹಾಕಬೇಡಿ.

ಈಗ ಒಳ್ಳೆಯ ಉದಾಹರಣೆ. ನಮ್ಮ ದೊಡ್ಡಮ್ಮನ ಮನೆ ಸಿರ್ಸಿ ಕಡೆ. ಕರೆಂಟ್ ಕಂಬ ಇತ್ತು, ಮಳೆಗಾಲದಲ್ಲಿ ಕರೆಂಟ್ ಇರುತ್ತಿರಲಿಲ್ಲ. ಅಡಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತರ ತನಕ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು, ಎದುರಿಗೆ ಒಂದು ಚಿಮಣಿ ಬುಡ್ಡಿ. ಸುಲಿದಷ್ಟಕ್ಕೇ ಕೂಲಿ. ಬೆಳಕು ಸಾಲದೆ ಬೆರಳು ಕುಯ್ದುಕೊಳ್ಳುವುದು ಮಾಮೂಲಿ. ಆಮೇಲೆ ದೊಡ್ಡಮ್ಮ ಬ್ಯಾಂಕ್ ಸಾಲದಲ್ಲಿ ನಾಲ್ಕು ಬಲ್ಬಿನ ಸೋಲಾರ್ ಹಾಕಿಸಿದರು, ಒಂದು ಬಲ್ಬು ಸರಿಯಾಗಿ ಸುಲಿಯುವ ಜಾಗದ ನೆತ್ತಿಯ ಮೇಲೆ. ಸಾಲದ ಕಂತು ಅಡಕೆ ಮಾರಿದ ಮೇಲೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಪಕ್ಕದ ಊರಿನ ಹುಡುಗ ಬೈಕಿನಲ್ಲಿ ಬರುತ್ತಿದ್ದ.

ಅದು ಸೆಲ್ಕೋ ಕಂಪನಿಯ ಸೋಲಾರ್. 1995ರಲ್ಲಿ ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಅದು ದಾನದ ಸಂಸ್ಥೆಯಲ್ಲ, ಮಾರಿ ಬದುಕುವ ಕಂಪನಿ. ಬಡವರ ಮನೆಗೆ ಸೋಲಾರ್ ಹಾಕಲು ಬ್ಯಾಂಕುಗಳು ಸಾಲ ಕೊಡುವ ಹಾಗೆ ಮಾಡಿದ್ದೇ ಅವರ ನಿಜವಾದ ಸಾಧನೆ ಅಂತ ನನ್ನ ಅಭಿಪ್ರಾಯ. ಹಂದೆ ಅವರು ಒಬ್ಬ ಬೀದಿ ವ್ಯಾಪಾರಿಯ ಮಾತನ್ನು ಹೇಳುತ್ತಿರುತ್ತಾರೆ: ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕಟ್ಟುತ್ತೇನೆ ಅಂತ. ಲೆಕ್ಕ ಒಂದೇ. ಆದರೆ ದಿನಾ ದುಡಿದು ದಿನಾ ಖರ್ಚು ಮಾಡುವವರಿಗೆ ಒಂದೇ ಅಲ್ಲ. ಕೀನ್ಯಾದಲ್ಲಿ ಎಂ-ಕೋಪಾ ಅನ್ನುವ ಕಂಪನಿಯೂ ಹೀಗೇ ದಿನದ ಲೆಕ್ಕದಲ್ಲಿ ಸೋಲಾರ್ ಮಾರಿ ಬೆಳೆಯಿತು. ಅಲ್ಲಿ 2007ರಿಂದ ಫೋನಿನಲ್ಲೇ ಹಣ ಕಳಿಸುವ ಎಂ-ಪೆಸಾ ಇತ್ತು, ಅದರಿಂದ ಸಣ್ಣ ಸಣ್ಣ ಮೊತ್ತ ವಸೂಲಿ ಮಾಡುವುದು ಸುಲಭವಾಯಿತು.

ಸೆಲ್ಕೋ ದಾರಿಯೂ ನೇರ ಇರಲಿಲ್ಲ. 2004ರ ನಂತರ ಜರ್ಮನಿಯಲ್ಲಿ ಸೋಲಾರ್‌ಗೆ ಬೇಡಿಕೆ ವಿಪರೀತ ಏರಿ ಪ್ಯಾನೆಲ್ ಬೆಲೆ ಜಾಸ್ತಿಯಾಯಿತು. ಕಂಪನಿ ನಷ್ಟಕ್ಕೆ ಬಿತ್ತು. ಆ ಹೊತ್ತಿನಲ್ಲಿ ಬೇಗ ಬೆಳೆಯಿರಿ, ಬೇಗ ಲಾಭ ತೋರಿಸಿ ಅನ್ನುವ ದುಡ್ಡೇ ಉಳಿದಿದ್ದರೆ ಅದು ಬಡವರನ್ನು ಬಿಟ್ಟು ಪೇಟೆಯ ದೊಡ್ಡ ಮನೆಗಳ ಕಡೆ ತಿರುಗುತ್ತಿತ್ತೇನೋ. ಕಡಿಮೆ ಲಾಭಕ್ಕೆ ಒಪ್ಪಿ, ಜಾಸ್ತಿ ವರ್ಷ ಕಾಯಲು ತಯಾರಿದ್ದ ಹೂಡಿಕೆದಾರರು ಸಿಕ್ಕಿದರು, ಉಳಿಯಿತು. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುಲಿಯುವ ಹೆಂಗಸಿಗೆ ಒಂದು ಗಂಟೆ ಜಾಸ್ತಿ ಕೂಲಿ ಸಿಕ್ಕಿತು, ಕಂಪನಿಗೆ ಬಂದ ಲಾಭ ಅಂಥ ಉಪಯೋಗದಿಂದ ಬಂತು. ರಾಮನಗರದ ಆ ತಾಯಿ ಇನ್ನೊಂದು ಸಾಲ ತಗೊಂಡಾಗ ಮಾತ್ರ ನಮ್ಮ ಕಂಪನಿಗೆ ಲಾಭ. ಆಕೆಗೆ ಏನಾಯಿತು ಅನ್ನುವುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಯಾವ ಹೂಡಿಕೆಯನ್ನೇ ತೋರಿಸಲಿ, ನಾನು ಕೇಳುವ ಮೊದಲ ಪ್ರಶ್ನೆ ಇದು: ಆ ಕಡೆ ಇರುವವರ ಕೈಗೆ ದುಡ್ಡು ಉಳಿಯದಿದ್ದರೂ ನನಗೆ ಲಾಭ ಬರುತ್ತಾ? ಬರುತ್ತೆ ಅಂತಾದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ.

ಇನ್ನು ನಿಮ್ಮ ಐದು ಲಕ್ಷ. ದೊಡ್ಡ ಇಂಪ್ಯಾಕ್ಟ್ ಫಂಡ್‌ಗಳ ಬಾಗಿಲು ನಮ್ಮಂಥವರಿಗೆ ಬಹುತೇಕ ಮುಚ್ಚಿದೆ. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದಲ್ಲಿ ಅಂಥ ಫಂಡ್‌ಗಳಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ ಬೇಕು. ಸಮಾಜ ಸೇವೆಯ ಸಂಸ್ಥೆಗಳು ಜನರಿಂದ ಹಣ ಎತ್ತಲು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಒಂದಿದೆ. 2023ರ ಕೊನೆಯಲ್ಲಿ ಅದರಲ್ಲಿ ಮೊದಲು ಹಣ ಎತ್ತಿದ್ದು ನಮ್ಮ ಬೆಂಗಳೂರಿನ ಉನ್ನತಿ ಫೌಂಡೇಶನ್. ಒಳ್ಳೆಯ ವ್ಯವಸ್ಥೆ, ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಅಲ್ಲಿ ಎನ್‌ಜಿಓಗಳು ಕೊಡುವ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಬರಲ್ಲ. ಅದು ಲೆಕ್ಕಪತ್ರ ಸರಿಯಾಗಿರುವ ದಾನ. ದಾನ ಮಾಡುವ ಮನಸ್ಸಿದ್ದರೆ ಧಾರಾಳವಾಗಿ ಮಾಡಿ.

ವಾಪಸ್ ಬರುವ ದುಡ್ಡಿಗೆ ಬೆಂಗಳೂರಿನದೇ ಆದ ರಂಗ್ ದೇ ಅನ್ನುವ ಆನ್‌ಲೈನ್ ವೇದಿಕೆ ಇದೆ, 2008ರಲ್ಲಿ ಶುರುವಾದದ್ದು. ಅಲ್ಲಿ ರೈತರಿಗೆ, ನೇಕಾರರಿಗೆ, ಸಣ್ಣ ಉದ್ಯೋಗದವರಿಗೆ ನೀವು ನೇರವಾಗಿ ಸಾಲ ಕೊಡಬಹುದು. ಲಾಭ ಕಡಿಮೆ. ಇಂಥ ವೇದಿಕೆ ಯಾವುದೇ ಇರಲಿ, ಸಾಲ ಮುಳುಗಿದರೆ ನಷ್ಟ ನಿಮ್ಮದೇ. ಖಚಿತ ಲಾಭದ ಮಾತು ಕೊಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ಇನ್ನೂ ಬಿಗಿಯಾಗಿ ಹೇಳಿದೆ. ಯಾರಾದರೂ ‘ಗ್ಯಾರಂಟಿ 12 ಪರ್ಸೆಂಟ್, ಜೊತೆಗೆ ಬಡವರ ಸೇವೆ’ ಅಂದರೆ ಅವರನ್ನು ದೂರ ಇಡಿ. ಅಸಲು ಸುರಕ್ಷಿತವಾಗಿರಬೇಕು ಅನ್ನುವುದಾದರೆ ಪರಿಸರಕ್ಕೆ ನೆರವಾಗುವ ಕೆಲಸಗಳಿಗೆ ಸಾಲ ಎತ್ತುವ ಕೇಂದ್ರ ಸರ್ಕಾರದ ಗ್ರೀನ್ ಬಾಂಡ್ ಇದೆ, 2023ರ ಜನವರಿಯಲ್ಲಿ ಮೊದಲ ಬಾರಿ ಬಂತು. ಅದರಿಂದ ಯಾರಿಗೆ ಒಳ್ಳೆಯದಾಯಿತು ಅಂತ ನಿಮಗೆ ಮುಖ ಕಾಣಲ್ಲ, ಅಷ್ಟೇ.

ನನ್ನನ್ನು ಕೇಳಿದರೆ ನಾಲ್ಕೂವರೆ ಲಕ್ಷ ಮುಟ್ಟಬೇಡಿ. ಐವತ್ತು ಸಾವಿರ ಮಾತ್ರ ಸಣ್ಣ ಸಣ್ಣ ಭಾಗ ಮಾಡಿ ಹಾಕಿ, ಮೂರು ವರ್ಷ ಕಾಯಿರಿ. ಯಾರಿಗೆ ಕೊಟ್ಟಿರಿ, ಅವರು ಏನು ಮಾಡಿದರು, ಎಷ್ಟು ವಾಪಸ್ ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ.

ಮೈಕ್ರೋಫೈನಾನ್ಸ್ ಕಂಪನಿಯ ಷೇರು ಅಥವಾ ಬಾಂಡ್ ಕೊಳ್ಳಬೇಕು ಅಂತಿದ್ದರೆ ಇನ್ನೊಂದು ಮಾತು. 2022ರಿಂದ ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ಮೀರುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆದರೂ 2025ರ ಫೆಬ್ರುವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅಂದರೆ ಆದಾಯದ ಕಾಲಂನಲ್ಲಿ ಈಗಲೂ ನನ್ನ ಹಾಗೆ ಯಾರೋ ಹಸು ಬರೆಯುತ್ತಿದ್ದಾರೆ. ಹಾಗಾಗಿ ವರದಿ ಓದುವ ಮೊದಲು ಆ ಕಂಪನಿಯ ಒಂದು ಸೆಂಟರ್ ಮೀಟಿಂಗ್‌ಗೆ ಹೋಗಿ ಹಿಂದೆ ಕುಳಿತುಕೊಳ್ಳಿ. ಮುಗಿದ ಮೇಲೆ ಯಾರಾದರೂ ಒಬ್ಬರನ್ನು ಒಟ್ಟು ಎಷ್ಟು ಪಾಸ್‌ಬುಕ್ ಇವೆ ಅಂತ ಕೇಳಿ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಎಂಟೂವರೆಗೆ ಹೋದರೆ ಚಾಪೆ ಸುತ್ತಿಟ್ಟು ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ.