ಗಡಿಯಾರ ನೋಡಿ ಏಳಿ, ನೋವು ನೋಡಿ ಅಲ್ಲ

(ಗುರುತು ಸಿಗದಂತೆ, ಒಂದೇ ಬಗೆಯ ಕೆಲವು ಪ್ರಕರಣಗಳನ್ನು ಬೆರೆಸಿ ಬರೆದದ್ದು.)

ಮಲೆನಾಡಿನ 43 ವರ್ಷದ ಹೆಂಗಸು. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾರೆ, ಉಳಿದ ದಿನ ಮನೆ, ಕೊಟ್ಟಿಗೆ. ಸೊಂಟನೋವಿಗೆ ನಾಲ್ಕು ವರ್ಷ. ಎಂಆರ್‌ಐಯಲ್ಲಿ ಕಂಡದ್ದು ಎಲ್4–ಎಲ್5 ಡಿಸ್ಕ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿರುವುದು. ನರಕ್ಕೆ ಒತ್ತಡ ಇರಲಿಲ್ಲ. ಆಪರೇಷನ್ ಬೇಡವೆಂದ ಮೂಳೆ ವೈದ್ಯರು ನಮ್ಮಲ್ಲಿಗೆ ಆಪ್ತಸಲಹೆಗೆ ಕಳಿಸಿದ್ದರು.

ಬಂದು ಕೂತವರು ಮೊದಲು ಕೇಳಿದ್ದು, "ಮೇಡಂ, ಡಿಸ್ಕ್ ಸವೆದಿದೆ ಅಂದ್ರು. ಬಗ್ಗಿದ್ರೆ ಪೂರ್ತಿ ಜಾರಿ ಹೋಗ್ತದಾ?" ಈ ಹೆದರಿಕೆಗೆ ಎರಡು ವರ್ಷದಿಂದ ಹಗಲಿಡೀ ಸೊಂಟಕ್ಕೆ ಬೆಲ್ಟ್. ಕೊಡ ಎತ್ತುವುದು ಬಿಟ್ಟಿದ್ದರು, ನೆಲ ಒರೆಸುವುದು ಮಗಳ ಪಾಲಿಗೆ ಹೋಗಿತ್ತು.

ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನವೊಂದಿದೆ: 40ರ ಪ್ರಾಯದವರಲ್ಲಿ ಶೇ 68 ಜನರಿಗೆ ಡಿಸ್ಕ್ ಸವೆದಿತ್ತು, ಶೇ 50 ಜನರಿಗೆ ಉಬ್ಬಿತ್ತು. ಅವರ ರಿಪೋರ್ಟನ್ನೇ ಮುಂದಿಟ್ಟು ಇದನ್ನು ವಿವರಿಸಿದೆವು. ನೋವು ಸುಳ್ಳು ಎಂದಲ್ಲ. ಮೂರು ತಿಂಗಳು ದಾಟಿದ ನೋವಿನಲ್ಲಿ ನರಮಂಡಲವೇ ಸೂಕ್ಷ್ಮವಾಗಿ, ಸಣ್ಣ ಎಳೆತಕ್ಕೂ ದೊಡ್ಡದಾಗಿ ಕೂಗಬಹುದು. ಇಂಥ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಈಗ ಪ್ರತ್ಯೇಕ ಕೋಡ್ ಇದೆ. "ಅವಳಿಗೆ ಏನೂ ಇಲ್ಲ, ಎಲ್ಲ ನೆಪ" ಎನ್ನುತ್ತಿದ್ದ ಅತ್ತೆಗೂ ಇದನ್ನು ಹೇಳಬೇಕಾಯಿತು.

ಒಂದು ವಾರ ಬರೆಸಿದ ನೋವಿನ ದಿನಚರಿಯಲ್ಲಿ ನಿಜವಾದ ತೊಡಕು ಕಂಡಿತು. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಬಾಚಿಕೊಂಡು ನಾಲ್ಕು ತಾಸು ಎದ್ದೇಳದೆ ಸುಲಿತ. ಮರುದಿನ, ಅದರ ಮರುದಿನ ಹಾಸಿಗೆ, ಜೊತೆಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ಡೈಕ್ಲೋಫೆನಾಕ್. ಹಾಳು ಮಾಡುತ್ತಿದ್ದದ್ದು ಒಳ್ಳೆಯ ದಿನಗಳೇ.

ಹಾಗಾಗಿ ಮೂರು ದಿನ, ಕೂತ ಮೇಲೆ ನೋವು (ಸೊನ್ನೆಯಿಂದ ಹತ್ತರ ಅಳತೆಯಲ್ಲಿ) ಎರಡು ಅಂಕ ಏರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಸಿದೆವು: 25, 15, 20 ನಿಮಿಷ. ಸರಾಸರಿ 20, ಅದರಲ್ಲಿ ಐದನೇ ಒಂದು ಪಾಲು ಕಳೆದರೆ 16. ಮೊಬೈಲಿನಲ್ಲಿ 16 ನಿಮಿಷಕ್ಕೆ ಅಲಾರಂ. ನೋವಿಲ್ಲದಿದ್ದರೂ ಏಳಬೇಕು, ಮೂರು ನಿಮಿಷ ಓಡಾಡಬೇಕು. ವಾರದಲ್ಲಿ ಐದು ದಿನ ಇದು ಸರಾಗವಾದರೆ ಮಾತ್ರ ಎರಡು ನಿಮಿಷ ಏರಿಕೆ. ಮೆಟ್ಟುಗತ್ತಿ ಮಣೆಯ ಮೇಲೆ ಮಡಚಿದ ಗೋಣಿಚೀಲ ಹಾಕಿ, ಮಂಡಿಗಿಂತ ಸೊಂಟ ತುಸು ಮೇಲಿರುವಂತೆ ಎತ್ತರಿಸಿದೆವು.

ಕೆಟ್ಟದ್ದು ಎರಡನೇ ವಾರ. ಕೂಲಿ ಸುಲಿದ ಲೆಕ್ಕಕ್ಕೆ. "ನಾನು ಎದ್ದರೆ ಪಕ್ಕದವಳ ಬುಟ್ಟಿ ತುಂಬ್ತದೆ" ಎಂದು ಅಲಾರಂ ಆರಿಸಿಬಿಟ್ಟಿದ್ದರು. ವಿಶ್ರಾಂತಿ ಎಂದರೆ ಆ ಅಂಗಳದಲ್ಲಿ ಸೋಮಾರಿತನ. ಹೀಗಾಗಿ ಆ ಮೂರು ನಿಮಿಷಕ್ಕೆ ಸಿಪ್ಪೆ ಹೊರಹಾಕುವ ಕೆಲಸ ಹಚ್ಚಿದೆವು. ದಿನದ ಬದಲು ವಾರದ ಸುಲಿತ ಬರೆದಿಡಲು ಹೇಳಿದೆವು. ಮಲಗುವ ದಿನ ತಪ್ಪಿದಾಗ ವಾರದ ಮೊತ್ತ ಇಳಿಯಲಿಲ್ಲ.

ಮಾತ್ರೆಯದು ಬೇರೆ ಕಥೆ. ವೈದ್ಯರು ರಾತ್ರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಅನ್ನು ಯಾರೋ "ತಲೆ ಕೆಟ್ಟವರ ಮಾತ್ರೆ" ಎಂದದ್ದಕ್ಕೆ ನಾಲ್ಕೇ ದಿನಕ್ಕೆ ಬಿಟ್ಟಿದ್ದರು. ಇದು ಖಿನ್ನತೆಗೂ ಕೊಡುವ ಮಾತ್ರೆಯೇ, ಆದರೆ ಅದಕ್ಕೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು. ನೋವಿಗೆ, ನಿದ್ದೆಗೆ ಚಿಕ್ಕ ಪ್ರಮಾಣ ಸಾಕು, ಗುಣ ಕಾಣಲು ಕೆಲವು ವಾರ ಬೇಕು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಬರುತ್ತದೆ. ವೈದ್ಯರನ್ನು ಕೇಳಿ, ಮಲಗುವ ಎರಡು ತಾಸು ಮೊದಲೇ ನುಂಗಲು ಆರಂಭಿಸಿದರು. ಡೈಕ್ಲೋಫೆನಾಕ್ ತಾವಾಗಿ ತಿನ್ನಬಾರದು, ಬಿಪಿ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿಸಿಕೊಳ್ಳಬೇಕು ಎಂದೂ ಹೇಳಿದೆವು.

ಗಂಡನಿಗೆ ಕೊಟ್ಟ ಕೆಲಸ ಒಂದೇ: ತಾಸಿಗೊಮ್ಮೆ "ನೋವು ಹೆಂಗಿದೆ?" ಎಂದು ಕೇಳುವುದನ್ನು ಬಿಟ್ಟು, ಸಂಜೆ ಜೊತೆಗೆ ಹತ್ತು ನಿಮಿಷ ನಡೆಯುವುದು.

ನೋವು ಕೆರಳಿದ ದಿನಕ್ಕೆ ಮೊದಲೇ ಚೀಟಿ ಬರೆದಿಟ್ಟೆವು: ಕೂರುವ ಹೊತ್ತು ಅರ್ಧಕ್ಕಿಳಿಸಿ, ಬಿಸಿನೀರಿನ ಚೀಲ 15 ನಿಮಿಷ, ಹಾಸಿಗೆ ಹಿಡಿಯಬೇಡಿ, ಎರಡು ದಿನದಲ್ಲಿ ಹಳೆಯ ಹೊತ್ತಿಗೆ ಮರಳಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಈ ಚೀಟಿ ಬೇಡ, ಅಂದೇ ಆಸ್ಪತ್ರೆ.

ಹನ್ನೆರಡು ವಾರಕ್ಕೆ ನೋವು 7ರಿಂದ 5ಕ್ಕೆ ಬಂತು, ಅಷ್ಟೇ. ಕೂರುವ ಹೊತ್ತು 32 ನಿಮಿಷ. ಬೆಲ್ಟ್ ಈಗ ಬಸ್ಸಿನಲ್ಲಿ ಮಾತ್ರ. ಮುಂದಿನದು ನೀರಿನ ಕೊಡ. ಐದು ಲೀಟರಿನಿಂದ ಶುರು.