ಮೊಸರನ್ನದ ಚಿಂತೆ ಬಿಡಿ, ಅಗಸೆ ಪುಡಿಯ ಡಬ್ಬಿ ಎತ್ತಿಡಿ

*ನನಗೆ 54 ವರ್ಷ. ಹಾಲು, ಮೊಸರು, ತುಪ್ಪ ಬಿಟ್ಟು ಕೆಲವು ವರ್ಷಗಳಾದವು. ಮುಂದಿನ ತಿಂಗಳು ಕೊಲೊನೋಸ್ಕೋಪಿ (ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಇದೆ. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಮೊಸರನ್ನ, ಮಜ್ಜಿಗೆ, ಜೆಲ್ಲಿ ಅಂತಲೇ ಬರೆದಿದೆ. ‘ಮೂರು ದಿನ ಔಷಧಿ ಅಂದ್ಕೊಂಡು ತಿಂದುಬಿಡಿ ಅತ್ತೆ’ ಅಂತಾಳೆ ಸೊಸೆ. ಹಾಲಿನ ಪದಾರ್ಥ ಇಲ್ಲದೆ ಈ ತಯಾರಿ ಆಗಲ್ವಾ?*
*– ಓದುಗರು, ದಾವಣಗೆರೆ*

ಧಾರಾಳವಾಗಿ ಆಗುತ್ತದೆ. ಬೆಣ್ಣೆ ದೋಸೆಯ ಊರಿನಲ್ಲಿದ್ದುಕೊಂಡು ಇಷ್ಟು ವರ್ಷ ಹಾಲು ಮುಟ್ಟದೆ ಇದ್ದೀರಿ, ಇನ್ನು ಮೂರು ದಿನ ಯಾವ ಲೆಕ್ಕ! ಚೀಟಿಯಲ್ಲಿ ಮೊಸರನ್ನ ಇರುವುದು ಮೊಸರಿನ ಮಹಿಮೆಯಿಂದಲ್ಲ. ಬೆಳ್ಳಗಿನ ಅನ್ನ ಸುಲಭವಾಗಿ ಕರಗುತ್ತದೆ, ಕರುಳಿನಲ್ಲಿ ಹೆಚ್ಚೇನೂ ಉಳಿಸುವುದಿಲ್ಲ. ಅದನ್ನು ಕಲಸಿಕೊಳ್ಳಲು ನಮ್ಮ ಕಡೆ ಮೊಸರು ರೂಢಿ, ಅಷ್ಟೇ.

ನಿಮ್ಮ ನಿಜವಾದ ತೊಡಕು ಬೇರೆ ಇದೆ. ಹಾಲು ಬಿಟ್ಟವರ ತಟ್ಟೆಯಲ್ಲಿ ಸಾಮಾನ್ಯವಾಗಿ ನಾರು ಜಾಸ್ತಿ. ರಾಗಿ, ನವಣೆ, ಮೊಳಕೆಕಾಳು, ಸೊಪ್ಪು, ಕಡಲೆಬೀಜ, ಎಳ್ಳು, ಅಗಸೆ. ದಿನನಿತ್ಯಕ್ಕೆ ಬಲು ಒಳ್ಳೆಯದು, ಈ ಪರೀಕ್ಷೆಗೆ ಮಾತ್ರ ಕಂಟಕ. ಸಣ್ಣ ಬೀಜಗಳು ಕರುಳಿನಲ್ಲಿ ಉಳಿದರೆ ಒಳಗೆ ಸರಿಯಾಗಿ ಕಾಣುವುದಿಲ್ಲ, ಕೊಳವೆಯಲ್ಲೂ ಸಿಕ್ಕಿಕೊಳ್ಳುತ್ತವೆ. ನೋಟ ಸರಿಯಾಗದಿದ್ದರೆ ಇಷ್ಟೂ ಪಾಡನ್ನು ಇನ್ನೊಮ್ಮೆ ಪಡಬೇಕು. ಹಾಗಾಗಿ ಚೀಟಿ ಮೂರು ದಿನ ಅಂದಿದ್ದರೂ ಅಗಸೆ, ಎಳ್ಳು, ಚಿಯಾ ಬೀಜವನ್ನು ಒಂದು ವಾರ ಮುಂಚೆಯೇ ನಿಲ್ಲಿಸಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ವೈದ್ಯರಿಗೆ ಹೇಳಿ. ಅದು ಮಲವನ್ನು ಕಪ್ಪಾಗಿಸಿ ಅಂಟಿಸುತ್ತದೆ, ಸಾಮಾನ್ಯವಾಗಿ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಾವು ನೀವು ತೀರ್ಮಾನಿಸುವ ಹಾಗಿಲ್ಲ, ಅವರನ್ನೇ ಕೇಳಿ.

ಆ ಮೂರು ದಿನ ಏನು ತಿನ್ನಬಹುದು? ಬಿಳಿ ಅನ್ನಕ್ಕೆ ಸೋಸಿದ ತೊಗರಿಬೇಳೆ ಕಟ್ಟು. ಇಡ್ಲಿ, ಖಾಲಿ ದೋಸೆ. ತರಕಾರಿ ಹಾಕದ ರವೆ ಉಪ್ಪಿಟ್ಟು. ಸಿಪ್ಪೆ, ತಿರುಳು ತೆಗೆದು ಮೆತ್ತಗೆ ಬೇಯಿಸಿದ ಸೋರೆಕಾಯಿ, ಸಿಪ್ಪೆ ತೆಗೆದ ಆಲೂಗಡ್ಡೆ, ತೋಫು. ಕಾಯಿ ಚಟ್ನಿ ಬೇಡ. ಒಗ್ಗರಣೆಗೆ ಸಾಸಿವೆ, ಕರಿಬೇವು ಕೂಡ ಬೇಡ. ಇಂಗು, ಉಪ್ಪು ಸಾಕು. ಮೊಸರು ಇಲ್ಲದೆ ಅನ್ನ ಗಂಟಲಲ್ಲಿ ಇಳಿಯದಿದ್ದರೆ ಸೋಸಿದ ಸೋಯಾ ಹಾಲಿನ ಮೊಸರು ಹಾಕಿಕೊಳ್ಳಿ. ಕಡಲೆಬೀಜದ ಮೊಸರನ್ನು ಆಮೇಲೆ ಉಣ್ಣೋಣ. ಸಪ್ಪೆ ಊಟ, ಒಪ್ಪಿದೆ.

ಪರೀಕ್ಷೆಯ ಹಿಂದಿನ ದಿನ ಮಾತ್ರ ಇವೂ ಬೇಡ, ಬರೀ ತಿಳಿಯಾದ ದ್ರವ. ತಳದಲ್ಲಿಟ್ಟ ಅಕ್ಷರ ಕಾಣುವಷ್ಟು ತಿಳಿ ಇರಬೇಕು. (ಗಾಜಿನ ಲೋಟದಲ್ಲಿ ನೋಡಿ, ಸ್ಟೀಲ್ ಲೋಟದಲ್ಲಿ ಗೊತ್ತಾಗಲ್ಲ!) ಮಜ್ಜಿಗೆ ಹೇಗೂ ಈ ದಿನಕ್ಕೆ ಸಲ್ಲದು. ಸೋಸಿದ ನಿಂಬೆ ಪಾನಕ, ಎಳನೀರು, ಉಪ್ಪು ಹಾಕಿದ ಗಂಜಿ ತಿಳಿ, ತಿಳಿ ಸೇಬಿನ ರಸ, ಹಾಲಿಲ್ಲದ ಚಹಾ ಸರಿ. ಬೀಟ್‌ರೂಟ್, ದಾಳಿಂಬೆ, ಪುನರ್ಪುಳಿಯಂಥ ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಬರೀ ನೀರನ್ನೇ ಕುಡಿಯುತ್ತಾ ಕೂರಬೇಡಿ, ಉಪ್ಪಿನಂಶ ಇಳಿದು ತಲೆ ಸುತ್ತೀತು. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಎಳನೀರಿಗೂ ವೈದ್ಯರ ಒಪ್ಪಿಗೆ ಬೇಕು. ಜೆಲ್ಲಿ ಮಾತ್ರ ಬೇಡವೇ ಬೇಡ, ಅದರಲ್ಲಿರುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಬದಲಿಗೆ ಚೀನಾ ಗ್ರಾಸ್ ಅಂದುಕೊಂಡಿರಾ? ಅದು ಸಮುದ್ರ ಪಾಚಿಯದ್ದೇನೋ ಹೌದು, ಆದರೆ ಅದೂ ನಾರೇ.

ಕರುಳು ತೊಳೆಯಲು ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೂ ಪ್ರಾಣಿಗೂ ಸಂಬಂಧವಿಲ್ಲ. ತಣ್ಣಗೆ ಮಾಡಿ, ನಿಧಾನಕ್ಕೆ ಕುಡಿಯಿರಿ.

ನೀವು ಕೇಳದ ಒಂದು ವಿಷಯ. ನಿದ್ದೆ ಬರಿಸಲು ಕೊಡುವ ಪ್ರೊಪೊಫಾಲ್ ಇಂಜೆಕ್ಷನ್ ಹಾಲಿನಂತೆ ಬೆಳ್ಳಗಿರುತ್ತದೆ. ಅದರಲ್ಲಿ ಹಾಲಿಲ್ಲ, ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಇದೆ. ಮನಸ್ಸಿಗೆ ಒಗ್ಗದಿದ್ದರೆ ಅರಿವಳಿಕೆ ವೈದ್ಯರ ಹತ್ತಿರ ಮೊದಲೇ ಮಾತಾಡಿ, ಟೇಬಲ್ ಮೇಲೆ ಮಲಗಿದ ಮೇಲಲ್ಲ. ನನ್ನನ್ನು ಕೇಳಿದರೆ ತೆಗೆದುಕೊಳ್ಳಿ ಅನ್ನುತ್ತೇನೆ. ವೀಗನ್ ಅಂದರೆ ಪ್ರಾಣಿಗಳಿಂದ ಬಂದದ್ದನ್ನೆಲ್ಲ ಬಿಟ್ಟವರು. 1944ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಅವರ ಸಂಘ ವೀಗನ್ ಸೊಸೈಟಿಯೇ ತನ್ನ ವ್ಯಾಖ್ಯಾನದಲ್ಲಿ ‘ಸಾಧ್ಯವಾದಷ್ಟು ಮಟ್ಟಿಗೆ’ ಅಂತ ಜಾಗ ಬಿಟ್ಟಿದೆ.

ಆಸ್ಪತ್ರೆಯಲ್ಲಿ ‘ವೆಜ್’ ಅಂದರೆ ಹಾಲು ಹಾಕಿದ ಕಾಫಿ ಬಂದೇ ಬರುತ್ತದೆ. ‘ವೀಗನ್’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ ಅಂತಿಲ್ಲ. ‘ಹಾಲು, ಮೊಸರು, ತುಪ್ಪ, ಮೊಟ್ಟೆ ಏನೂ ಬೇಡ’ ಅಂತ ಬಿಡಿಸಿ ಹೇಳಿ. ಆದರೆ ಬೇಗ ಒಪ್ಪಲಿ ಅಂತ ‘ನನಗೆ ಹಾಲು, ಮೊಟ್ಟೆ ಅಲರ್ಜಿ’ ಎಂದು ಸುಮ್ನೆ ಬರೆಸಬೇಡಿ. ಕೆಲವರು ಹಾಗೆ ಮಾಡುತ್ತಾರೆ. ಆ ಮಾತು ಫೈಲಿಗೆ ಸೇರುತ್ತದೆ, ಅದನ್ನು ನಂಬಿ ವೈದ್ಯರು ಔಷಧಿಯನ್ನೇ ಬದಲಾಯಿಸಬಹುದು.

ಪರೀಕ್ಷೆ ಮುಗಿದ ಮೇಲೆ ತಿನ್ನಲು ಡಬ್ಬಿಯಲ್ಲಿ ಇಡ್ಲಿ ಹಾಕಿಕೊಡಲು ಸೊಸೆಗೆ ಹೇಳಿ. ಅಂದು ಬೆಳಗ್ಗೆ ಹೊರಗೆ ಹೋಗುವುದು ತಿಳಿ ಹಳದಿ ನೀರಿನಂತೆ ಇರಬೇಕು. ಇನ್ನೂ ಗಟ್ಟಿಯಾಗಿಯೋ ಕಂದಾಗಿಯೋ ಇದ್ದರೆ ಮನೆ ಬಿಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

– ಸಂ.